ಚಂದ್ರನ ಎಡಗೆನ್ನೆಯ ದೀಪ

ನನ್ನ ಅಮ್ಮನಿಗೆ ಸಮಾಧಿ ಇಲ್ಲ. ಬಹಳ ಕಾಲ ಅವಳ ಗುರುತಿಗೆ ಇದ್ದದ್ದು ಚಂದ್ರನ ಎಡಗೆನ್ನೆಯ ಮೇಲಿನ ಒಂದು ದೀಪ ಮಾತ್ರ. ನಮ್ಮ ಊರಿನ ಚಂದ್ರ ಬೆಳೆಯುತ್ತಲೂ ಇರಲಿಲ್ಲ, ಸವೆಯುತ್ತಲೂ ಇರಲಿಲ್ಲ. ದಿನವೂ ಒಂದೇ ಹೊತ್ತಿಗೆ ಗುಡ್ಡದ ಹಿಂದಿನಿಂದ ಏಳುತ್ತಿದ್ದ. ಬೂದಿ ಬಳಿದ ಮುಖ, ಎಡಗೆನ್ನೆಯ ಮೇಲೆ ಮೂಗುಬೊಟ್ಟಿನಷ್ಟು ಬೆಳಕು. ಅದು ಗಣಿಮನೆಯ ಕಂಬದ ದೀಪ. ಅಮ್ಮ ಅಲ್ಲಿ ಕೆಲಸಕ್ಕಿದ್ದಳು.

ಗಣಿಮನೆಗೆ ಕಿಟಕಿ ಇರಲಿಲ್ಲ. ಒಳಗಿದ್ದವರಿಗೆ ಹೊತ್ತು ತಿಳಿಯುತ್ತಿದ್ದದ್ದು ಗೋಡೆ ಗಡಿಯಾರದಿಂದ. ಚಂದ್ರ ಎದ್ದ ಕೂಡಲೇ ಅಲ್ಲಿನವರು ಸರದಿಯ ಮೇಲೆ ರೇಡಿಯೊದಲ್ಲಿ ಮನೆಯವರಿಗೆ ನಾಲ್ಕು ಮಾತು ಹೇಳುವುದು ವಾಡಿಕೆ. ಚಂದ್ರ ಕಣ್ಣಿಗೆ ಕಾಣುವಾಗ ಮಾತ್ರ ಊರಿನ ರೇಡಿಯೊಗಳಲ್ಲಿ ಕೇಳಿಸಿಕೊಳ್ಳಬಹುದಿತ್ತು, ಉತ್ತರ ಕೊಡಲಾಗುತ್ತಿರಲಿಲ್ಲ. ಉತ್ತರ ಕೊಡುವ ಯಂತ್ರ ಗುಡ್ಡದ ಮೇಲಿನ ಗೋಪುರದಲ್ಲಿ ಮಾತ್ರ ಇತ್ತು.

ಒಂದು ದಿನ ಗಣಿಯ ದೋಣಿ ಬಂದಿಳಿಯಿತು. ಚಂದ್ರನಿಗೆ ಹೋಗಿಬರುವ ಆ ವಾಹನವನ್ನು ನಾವು ದೋಣಿ ಎನ್ನುತ್ತಿದ್ದೆವು. ಇಳಿದವನು ಒಬ್ಬನೇ, ದ್ಯಾಮಣ್ಣ ಮೇಸ್ತ್ರಿ. ಅವನ ಕೈಕೆಳಗೆ ಅಮ್ಮನೂ ಸೇರಿ ನಾಲ್ಕು ಜನ ಇದ್ದರು. ಗೋಡೆಯ ಹೊರಗಿನಿಂದ ಏನೋ ಬಡಿಯಿತು, ಯಾರೋ ಹೆಸರು ಹಿಡಿದು ಕರೆದರು, ಒಬ್ಬೊಬ್ಬರಾಗಿ ಬಾಗಿಲು ತೆಗೆದು ಹೊರಗೆ ನಡೆದುಬಿಟ್ಟರು, ಕಣ್ಣಾರೆ ಕಂಡೆ ಎಂದು ಅವನು ಅತ್ತ. ಊರೂ ಅತ್ತಿತು. ಚಂದ್ರನಿಗೆ ದೆವ್ವ ಮೆಟ್ಟಿಕೊಂಡಿದೆ, ಇನ್ನು ಯಾರೂ ಅತ್ತ ಹೋಗಬಾರದು ಎಂದು ತೀರ್ಮಾನವಾಯಿತು. ದೀಪ ಇನ್ನೂ ಉರಿಯುತ್ತಿದೆಯಲ್ಲ ಎಂದು ಚಿಕ್ಕಮ್ಮ ಓಬಮ್ಮ ಕೇಳಿದ್ದಕ್ಕೆ, ಅದು ಬಿಸಿಲಿನಿಂದ ನಡೆಯುವ ದೀಪ, ಯಾರಿಲ್ಲದಿದ್ದರೂ ಉರಿಯುತ್ತದೆ ಎಂದ. ಅಷ್ಟು ಮಾತ್ರ ನಿಜ ಹೇಳಿದ್ದ.

ಕೆಲವೇ ದಿನಗಳಲ್ಲಿ ದೆವ್ವ ಮಾತಾಡತೊಡಗಿತು. ಸಂಜೆ ಚಂದ್ರನ ಅಂಚು ಗುಡ್ಡದ ಮೇಲೆ ಕಾಣುತ್ತಿದ್ದ ಹಾಗೆ ಎಲ್ಲರ ಮನೆಯ ರೇಡಿಯೊದಲ್ಲಿ ಒಂದೇ ಒಂದು ಮಾತು ಬರುತ್ತಿತ್ತು: "ಬರ್ತೀನಿ."

ಗರಗರ ಸದ್ದಿನ ನಡುವೆ ಹೆಣ್ಣೋ ಗಂಡೋ ತಿಳಿಯದ ಗಂಟಲು. ಬಾಣಂತಿಯರನ್ನು ಒಳಕೋಣೆಗೆ ಕಳಿಸುತ್ತಿದ್ದರು. ದ್ಯಾಮಣ್ಣನೇ ಉಪಾಯ ಹೇಳಿದ. ಊರಿನ ಪ್ರತಿ ಬಾಗಿಲ ಮೇಲೂ ಸುಣ್ಣದಲ್ಲಿ "ನಾಳೆ ಬಾ" ಎಂದು ಬರೆಯಲಾಯಿತು. ದೆವ್ವ ಓದಿಕೊಂಡು ಹಿಂದಿರುಗಬೇಕು, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. ನಮ್ಮ ಬಾಗಿಲಿಗೆ ಚಿಕ್ಕಮ್ಮ ಬರೆದಳು. ಬರೆಯದೆ ಉಳಿದದ್ದು ಗೋಪುರದ ಬಾಗಿಲೊಂದೇ. ದೆವ್ವದ ಮೇಲೆ ಕಣ್ಣಿಡುತ್ತೇನೆಂದು ದ್ಯಾಮಣ್ಣ ಅಲ್ಲೇ ಬಿಡಾರ ಹೂಡಿದ್ದ. ಅವನ ಎದೆಗಾರಿಕೆಯನ್ನು ಊರು ಕೊಂಡಾಡಿತು, ಮನೆಮನೆಯಿಂದ ಬುತ್ತಿ ಹೋಗುತ್ತಿತ್ತು.

ಒಂದು ಮಳೆಗಾಲ ಪೂರ್ತಿ ಆ ಮಾತು ಬಂತು. ಆಮೇಲೆ ನಿಂತಿತು. ನಿಂತರೂ ಸಂಜೆ ರೇಡಿಯೊ ಹಾಕಿ ಕೇಳುವುದನ್ನು ಊರು ಬಿಡಲಿಲ್ಲ.

ನನಗೆ ಭಯ ಇರಲಿಲ್ಲ. ಅಮ್ಮನನ್ನು ಕೊಂದ ದೆವ್ವವನ್ನು ಕೊಲ್ಲಬೇಕೆಂಬ ಹಟ ಇತ್ತು. ಹನ್ನೆರಡು ತುಂಬುವವರೆಗೆ ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಮೊದಲು ಹೇಳಿದ್ದು ಮುನೀರಾಗೆ. ಅವಳ ಅಪ್ಪ ದೋಣಿ ರಿಪೇರಿ ಮಾಡುತ್ತಿದ್ದವರು. ಷೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ದೋಣಿಯೊಳಗೇ ಆಡಿ ಬೆಳೆದ ಅವಳಿಗೆ ಯಾವ ಸನ್ನೆ ಎಳೆದರೆ ಏನಾಗುತ್ತದೆಂದು ಗೊತ್ತಿತ್ತು. ದಾರಿ ದೋಣಿಗೇ ಗೊತ್ತು, ಹೊತ್ತು ಗೊತ್ತುಮಾಡಿ ಬಿಟ್ಟರೆ ತಾನೇ ಹೋಗಿ ತಾನೇ ಬರುತ್ತದೆ ಎಂದಳು. ನಮ್ಮ ಮಾತು ಕದ್ದು ಕೇಳಿಸಿಕೊಂಡ ಪಕ್ಕದ ಮನೆಯ ಹುಡುಗ ತಿಪ್ಪೇಶನನ್ನು ಬಾಯಿ ಮುಚ್ಚಿಸಲು ಜೊತೆಗೆ ಕರೆದುಕೊಳ್ಳಬೇಕಾಯಿತು.

ಊರು ಸಂತೆಗೆ ಹೋಗಿದ್ದ ಹೊತ್ತು ನೋಡಿ ಹೊರಟೆವು. ನಾನು ಒಂದು ಹಾರೆ ತಂದಿದ್ದೆ. ತಿಪ್ಪೇಶ ನಿಂಬೆಹಣ್ಣು, ಹಳೆ ಪೊರಕೆ, ಅವರಜ್ಜನ ಒಂದು ಕಾಲಿನ ಚಪ್ಪಲಿ ತಂದಿದ್ದ. ಭೂಮಿಯ ಹಿಡಿತ ತಪ್ಪಿದಾಗ ನಿಂಬೆಹಣ್ಣು ತೇಲಿ ಅವನ ಮೂಗಿನ ಮುಂದೆ ನಿಂತಿತು. ಅವನು ಚಪ್ಪಲಿಯಿಂದ ಅದನ್ನೇ ಹೊಡೆದ.

"ಲೋ, ಅದು ನಿಂದೇ ಹಣ್ಣು ಕಣೋ," ಎಂದಳು ಮುನೀರಾ.

"ನಂದಾದ್ರೆ ನನ್ನೇ ಯಾಕೆ ಹಂಗೆ ದಿಟ್ಟಿಸ್ತೈತೆ?"

ದೋಣಿಯಲ್ಲಿದ್ದ ಗಾಳಿಯ ಉಡುಪು ತೊಟ್ಟು ಇಳಿದಾಗ ಗಣಿಮನೆಯ ಹೊರಗೆ ಮೊದಲು ಕಂಡದ್ದು ಕಲ್ಲುಗುಂಡುಗಳನ್ನು ಒಪ್ಪವಾಗಿ ಪೇರಿಸಿದ ಮೂರು ಗುಡ್ಡೆ. ಮೂರೂ ಆಳುದ್ದ. ತಾವಾಗಿ ನಡೆದು ಹೋದವರನ್ನು ಮಣ್ಣು ಮಾಡಿದವರು ಯಾರು? ಹಾರೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮನೆಯ ಒಂದು ಮಗ್ಗುಲು ಸೀಳಿಹೋಗಿತ್ತು. ಇನ್ನೊಂದು ಕೋಣೆ ಭದ್ರವಾಗಿತ್ತು, ಒಳಗೆ ಉಸಿರಾಡಲು ಗಾಳಿಯೂ ಇತ್ತು. ತಟ್ಟೆ ತೊಳೆದು ಬೋರಲು ಹಾಕಿತ್ತು. ಹಣಿಗೆಯಲ್ಲಿ ಉದ್ದ ಕೂದಲು ಸಿಕ್ಕಿಕೊಂಡಿತ್ತು. ರೇಡಿಯೊ ಎದುರಿನ ಕುರ್ಚಿಯಲ್ಲಿ, ಕಪ್ಪು ಶಾಲು ಹೊದ್ದು, ಅಮ್ಮ ಕೂತಿದ್ದಳು. ಚಳಿಗೆ ಕೊಳೆತಿರಲಿಲ್ಲ, ಒಣಗಿದ್ದಳು.

ನಾನು ಅಳಲಿಲ್ಲ. ಸತ್ತಿದ್ದಾಳೆಂದು ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು, ಅವಳು ಯಾವಾಗ ಸತ್ತಳು ಎಂಬುದು.

ತಿಪ್ಪೇಶ ತನ್ನ ಕೈಗಡಿಯಾರವನ್ನೂ ಗೋಡೆ ಗಡಿಯಾರವನ್ನೂ ನೋಡಿ, "ಇದು ಮುಂದೆ ಓಡ್ತೈತಲ್ಲ," ಎಂದ. ಗೋಡೆ ಸೀಳಿದಾಗಿನಿಂದ ಅದು ಕೆಟ್ಟಿರಬೇಕು. ಸಂಜೆಯಾಗುವ ಮೊದಲೇ ಸಂಜೆಯ ಹೊತ್ತು ತೋರಿಸುತ್ತಿತ್ತು. ಮುನೀರಾ ಗಡಿಯಾರ ನೋಡಿದಳು, ರೇಡಿಯೊ ನೋಡಿದಳು. ಆಮೇಲೆ ನಿಧಾನವಾಗಿ, ನಿಮ್ಮಮ್ಮ ಮಾತಾಡುತ್ತಿದ್ದಾಗ ಚಂದ್ರ ಇನ್ನೂ ಗುಡ್ಡದ ಮರೆಯಲ್ಲೇ ಇರುತ್ತಿದ್ದ, ಅವನು ಮೇಲೆ ಬರುವಷ್ಟರಲ್ಲಿ ಅವಳ ಮಾತು ಮುಗಿಯುತ್ತಿತ್ತು, ಊರಿಗೆ ಕೇಳಿಸಿದ್ದು ಕೊನೆಯ ಮಾತೊಂದೇ ಎಂದಳು.

ಕೊನೆಯ ಮಾತು. ಗಣಿಗೆ ಹೊರಡುವಾಗಲೆಲ್ಲ ಅಮ್ಮ ಹೊಸಿಲಲ್ಲಿ ನಿಂತು ಹೇಳುತ್ತಿದ್ದದ್ದು ಅದೇ: "ಬರ್ತೀನಿ ಕಣವ್ವ." ನಮ್ಮಲ್ಲಿ ಹೊರಡುವವರು ಯಾರೂ ಹೋಗ್ತೀನಿ ಎನ್ನುವುದಿಲ್ಲ. ಅದು ಸಾಯಲು ಹೊರಟವರ ಮಾತು. ಎಲ್ಲರೂ ಬರ್ತೀನಿ ಎಂದೇ ಹೊರಡುತ್ತಾರೆ. ದಿನಕ್ಕೆ ಹತ್ತು ಸಲ ಹಾಗೆ ಹೇಳಿ ಎದ್ದುಹೋಗುವ ಊರು, ಚಂದ್ರನಿಂದ ಅದೇ ಮಾತು ಬಂದಾಗ ಬಾಗಿಲು ಹಾಕಿಕೊಂಡಿತ್ತು. ಒಂದು ಮಳೆಗಾಲ ಪೂರ್ತಿ ಅವಳು ನೆರವು ಬೇಡಿ, ಕೊನೆಗೆ ಮರ್ಯಾದೆಯಿಂದ ಹೇಳಿ ಏಳುತ್ತಿದ್ದಳು. ನಾವು ನಾಳೆ ಬಾ ಎನ್ನುತ್ತಿದ್ದೆವು.

ಆದರೆ ಗೋಪುರ ಇದ್ದದ್ದು ಗುಡ್ಡದ ನೆತ್ತಿಯ ಮೇಲೆ. ಅಲ್ಲಿಗೆ ಚಂದ್ರ ಊರಿಗಿಂತ ಎಷ್ಟೋ ಮೊದಲು ಕಾಣುತ್ತಾನೆ. ಅಲ್ಲಿ ಕೂತವನಿಗೆ ಅವಳ ಪ್ರತಿ ಮಾತೂ ಕೇಳಿಸಿತ್ತು.

ದೋಣಿ ಹಿಂದಿರುಗಲು ಹೆಚ್ಚು ಹೊತ್ತು ಉಳಿದಿರಲಿಲ್ಲ. ಅಮ್ಮನನ್ನು ಹೊರಗೆ ಮಲಗಿಸಿ ಕಲ್ಲು ಪೇರಿಸೋಣ ಎಂದಳು ಮುನೀರಾ. ಮೂವರೂ ಸೇರಿದರೆ ಅಷ್ಟಕ್ಕೆ ಸಮಯ ಸಾಕಿತ್ತು. ನಾನು ರೇಡಿಯೊ ಕಡೆ ತೋರಿಸಿದೆ. ಅದರ ಬ್ಯಾಟರಿ ಸತ್ತಿತ್ತು, ದೀಪದ ತಂತಿ ಕಿತ್ತು ಜೋಡಿಸಬೇಕಿತ್ತು.

"ಎರಡೂ ಆಗಲ್ಲ ಕಣೇ," ಎಂದಳು ಮುನೀರಾ. "ಅವರು ನಿಮ್ಮಮ್ಮ."

"ಗೊತ್ತು. ತಂತಿ ಕೀಳು."

ಕೀಳುವಾಗ ಹಳೆಯ ತಂತಿ ಬುಡದಲ್ಲೇ ಮುರಿಯಿತು. ಇನ್ನು ದೀಪಕ್ಕೆ ಮತ್ತೆ ಹಾಕಲಾಗುವುದಿಲ್ಲ ಎಂದಳು. ಆಗಲಿ ಎಂದೆ. ಅಮ್ಮನ ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿ, ಊರಿಗೆ ಚಂದ್ರ ಕಾಣುವ ಮೊದಲೇ ಮಾತು ಶುರುಮಾಡಿದೆ.

"ದ್ಯಾಮಣ್ಣ ಮೇಸ್ತ್ರಿಗಳೇ, ಪಾಲಮ್ಮನ ಮಗಳು ಮಾತಾಡ್ತಿದ್ದೀನಿ. ಗಣಿಮನೆಯಿಂದ. ನಿಮಗೆ ಕೇಳಿಸ್ತೈತೆ ಅಂತ ಗೊತ್ತು."

ಮತ್ತೆ ಹೇಳಿದೆ. ಗರಗರ ಸದ್ದಿನ ನಡುವೆ ಅವನ ದನಿ ಬಂತು. "ಗೋಡೆ ಸೀಳಿದಾಗ ಎಲ್ಲಾ ಸತ್ರು ಅಂತ ಓಡಿಬಂದೆ ಮಗಾ. ಬಂದು ದೆವ್ವ ಅಂದುಬಿಟ್ಟಿದ್ದೆ. ಆಮೇಲೆ ಅವಳ ದನಿ ಬಂತು. ಬದುಕವಳೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ದಿನಾ ಏನು ಹೇಳ್ತಿದ್ದಳು?"

"ದೋಣಿ ಕಳಿಸಿ ಅಂತಿದ್ದಳು. ಮಗಳು ಉಂಡಳಾ ಅಂತ ಕೇಳೋಳು."

ತಿಪ್ಪೇಶ ಕೈಗಡಿಯಾರ ತೋರಿಸಿದ. ಊರಿನಲ್ಲಿ ಚಂದ್ರನ ಅಂಚು ಗುಡ್ಡದ ಮೇಲೆ ಕಾಣುವ ಹೊತ್ತಾಗಿತ್ತು. ಈಗ ಆಡುವ ಮಾತು ಇಡೀ ಊರಿಗೆ ಕೇಳಿಸುತ್ತದೆ. ಹೇಳಬೇಕೆಂದಿದ್ದರೆ ಎಲ್ಲವನ್ನೂ ಹೇಳಬಹುದಿತ್ತು. ಅವನನ್ನು ಊರಿನ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಬಾಯಿ ಹತ್ತಿರ ತಂದು ಒಂದೇ ಮಾತು ಹೇಳಿದೆ.

"ಬರ್ತೀನಿ."

ನಾವು ಇಳಿದಾಗ ಊರು ಚಿಲಕ ಹಾಕಿಕೊಂಡು ಕೂತಿತ್ತು. ಚಿಕ್ಕಮ್ಮ ಬಾಗಿಲ ಸಂದಿಯಿಂದ ನನ್ನ ಪಾದ ನೋಡಿ, ಬೆರಳು ಮುಂದಕ್ಕಿವೆ ಎಂದು ಖಾತ್ರಿಯಾದ ಮೇಲೆ ತೆಗೆದಳು. ನಡೆದದ್ದನ್ನು ಅವಳಿಗೆ ಮಾತ್ರ ಹೇಳಿದೆ. ಮರುದಿನವೆಲ್ಲ ಅವಳು ತೆಂಗಿನ ನಾರಿನಿಂದ ಬಾಗಿಲು ಉಜ್ಜಿದಳು. ಸುಣ್ಣ ಮರದೊಳಗೆ ಇಳಿದುಬಿಟ್ಟಿತ್ತು. ತಿಪ್ಪೇಶ ಊರಿಗೆಲ್ಲ ಹೇಳಿದ. ಆದರೆ ಅವನ ಕತೆಯಲ್ಲಿ ಏಳು ತಲೆಯ ದೆವ್ವವೂ ಅದನ್ನು ಸೋಲಿಸಿದ ಚಪ್ಪಲಿಯೂ ಸೇರಿಕೊಂಡಿದ್ದರಿಂದ ಯಾರೂ ನಂಬಲಿಲ್ಲ.

ಸಂಜೆ ಗುಡ್ಡ ಹತ್ತಿದೆ. ಗೋಪುರದ ಬಾಗಿಲ ಮೇಲೆ ಹಸಿ ಸುಣ್ಣದಲ್ಲಿ ಬರೆದಿತ್ತು: ನಾಳೆ ಬಾ.

ಬರೆದಿದ್ದಕ್ಕೆ ನಾನು ತಪ್ಪಲಿಲ್ಲ. ಮರುದಿನ ಹೋದೆ. ಅದರ ಮರುದಿನವೂ ಹೋದೆ. ಕದ ತಟ್ಟಿ, ಬಂದಿದ್ದೀನಿ ಎಂದು ಹೇಳಿ, ಸ್ವಲ್ಪ ಹೊತ್ತು ನಿಂತು, ಬರ್ತೀನಿ ಎಂದು ಹೇಳಿ ಇಳಿಯುತ್ತಿದ್ದೆ. ಒಳಗೆ ಅವನು ಉಸಿರು ಬಿಗಿಹಿಡಿಯುವುದು ಕೇಳಿಸುತ್ತಿತ್ತು. ಅವನು ಬುತ್ತಿ ಒಳಗೆ ತೆಗೆದುಕೊಳ್ಳುವುದನ್ನು ಬಿಟ್ಟ. ಮಳೆಗಾಲ ಹಿಡಿಯಿತು. ನಾನು ಕೊಡೆ ಹಿಡಿದು ಹೋದೆ.

ಮಳೆಗಾಲದ ಕೊನೆಗೆ ಒಂದು ಸಂಜೆ ಬಾಗಿಲು ತಾನೇ ತೆರೆಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. ಮೈಮೇಲೆ ಅಂಗಿ ನೇತುಹಾಕಿದಂತಿತ್ತು.

"ಒಳಗೆ ಬಾ ಮಗಾ," ಎಂದ. "ಏನು ಮಾಡ್ಬೇಕು ಅಂತಿದ್ದೀಯೋ ಮಾಡಿಬಿಡು. ಇವತ್ತೇ ಮುಗಿಸು."

ಬಾಗಿಲ ಮೇಲಿನ ಬರಹವನ್ನು ಒಮ್ಮೆ ನೋಡಿದೆ.

"ನಾಳೆ ಬರ್ತೀನಿ," ಎಂದೆ.

ಮರುದಿನ ಹೋದಾಗ ಬಾಗಿಲು ತೆರೆದೇ ಇತ್ತು. ಅವನು ರೇಡಿಯೊ ಎದುರಿನ ಕುರ್ಚಿಯಲ್ಲಿ ತಣ್ಣಗಾಗಿದ್ದ. ದೆವ್ವ ಕೊನೆಗೂ ಸೇಡು ತೀರಿಸಿಕೊಂಡಿತು ಎಂದು ಊರು ಮಾತಾಡಿಕೊಂಡಿತು. ನಾನು ತಿದ್ದಲಿಲ್ಲ. ಅವನಿಗೆ ಒಳ್ಳೆಯ ಸಮಾಧಿ ಕಟ್ಟಿದರು, ಹೆಸರು ಕೆತ್ತಿಸಿದರು.

ಈಗಲೂ ಚಂದ್ರ ಅದೇ ಹೊತ್ತಿಗೆ ಗುಡ್ಡದ ಹಿಂದಿನಿಂದ ಏಳುತ್ತಾನೆ. ಎಡಗೆನ್ನೆ ಬರಿದು. ಅಲ್ಲಿ ಕಲ್ಲಿನ ಕೆಳಗೆ ಮೂರು ಜನ, ಕುರ್ಚಿಯಲ್ಲಿ ಒಬ್ಬಳು. ಇಲ್ಲಿ ಗುಡ್ಡದ ಮೇಲೆ ಒಬ್ಬ. ಹೋದದ್ದು ಐದು ಜನ, ಒಂದು ದೀಪ.