ಮೊದಲ ಹೆಸರಿಗೆ ಸೊನ್ನೆ

ರಂಜಾನ್ ಅರ್ಧ ಕಳೆದ ಮೇಲೆ ಓಲ್ಫಾ ಒಂದು ಸಂಜೆ ದೊಡ್ಡಪ್ಪನ ಮನೆಗೆ ಉಪವಾಸ ಬಿಡಲು ಹೋದಳು. ಸ್ಫಾಕ್ಸ್ ನಗರದ ಬಸ್ ಕಂಪನಿಯಲ್ಲಿ ಚಾಲಕರ ಪಾಳಿ ಹೊಂದಿಸುವ ಪ್ರೋಗ್ರಾಂ ಬರೆದವಳು ಅವಳೇ. ದೊಡ್ಡಪ್ಪ ಮೋಂಜಿ ಅದೇ ಕಂಪನಿಯ ಹಳೆಯ ಚಾಲಕರು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿ, ಓದಿಸಿ, ಇಂಜಿನಿಯರ್ ಮಾಡಿದವರೂ ಅವರೇ. ಬರುವ ವರ್ಷ ಅವರಿಗೆ ನಿವೃತ್ತಿ.

ಉಪವಾಸ ಬಿಡುವ ಹೊತ್ತಾಯಿತೆಂದು ಸಾರುವ ತೋಪು ಹಾರಿತು. ದೊಡ್ಡಮ್ಮ ನೇಜಿಯಾ ಸೂಪು ಬಡಿಸಿದರು. ಮೇಜಿನ ತುದಿಯಲ್ಲಿ ಒಂದು ತಟ್ಟೆ ಬೋರಲು ಬಿದ್ದಿತ್ತು.

"ದೊಡ್ಡಪ್ಪ ಇನ್ನೂ ಬಂದಿಲ್ವಾ?"

"ಬರೋದೆಲ್ಲಿ? ಈ ರಂಜಾನಿನಲ್ಲಿ ಒಂದು ಸಂಜೆನಾದ್ರೂ ಮನೇಲಿ ಕೂತು ಖರ್ಜೂರ ಬಾಯಿಗೆ ಹಾಕಿದ್ದಾರಾ ಕೇಳು. ನಿನ್ನ ಕಂಪ್ಯೂಟರಿಗೆ ನಮ್ಮನೆಯವರ ಮೇಲೆ ಅದೇನು ಪ್ರೀತಿನೋ!" ದೊಡ್ಡಮ್ಮ ನಕ್ಕರು. "ತಿನ್ನೇ, ಆರಿಹೋಗತ್ತೆ."

ಓಲ್ಫಾ ಚಮಚ ಕೆಳಗಿಟ್ಟಳು.

ಊಟ ಮುಗಿಸಿದ ಶಾಸ್ತ್ರ ಮಾಡಿ, ಒಳಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದಳು. ಪ್ರತಿ ಚಾಲಕನಿಗೂ ಒಂದು ಪೂರ್ಣಾಂಕ ಚರ, ಎಂದರೆ ಪ್ರೋಗ್ರಾಂ ತಾನೇ ಬೆಲೆ ತುಂಬುವ ಒಂದು ಸಂಖ್ಯೆ, ಇಟ್ಟಿದ್ದಳು: ರಂಜಾನಿನಲ್ಲಿ ಅವನು ಮನೆಯಲ್ಲಿ ಉಪವಾಸ ಬಿಡುವ ಸಂಜೆಗಳು ಎಷ್ಟು ಎಂದು. ಚರ ಹುಟ್ಟಿಸುವಾಗಲೇ ಅದಕ್ಕೊಂದು ಕನಿಷ್ಠ, ಒಂದು ಗರಿಷ್ಠ ಹೇಳಬೇಕು. ಆ ಬೇಲಿಯೊಳಗೆ ಪ್ರೋಗ್ರಾಂ ಉತ್ತರ ಹುಡುಕುತ್ತದೆ. ಬೇರೇನೂ ತೋಚದಿದ್ದಾಗ ಕನಿಷ್ಠದ ಜಾಗದಲ್ಲಿ ಸೊನ್ನೆ ಕುಟ್ಟುವುದು ಅವಳ ಕೈಗೆ ಅಂಟಿದ ಚಾಳಿ.

ರಂಜಾನಿಗೆ ಮೊದಲು ಚಾಲಕರೆಲ್ಲ ಅವಳ ಕೋಣೆಗೆ ಎಡತಾಕಿದ್ದರು. ಒಬ್ಬನ ತಾಯಿಗೆ ಹುಷಾರಿಲ್ಲ, ಒಬ್ಬನಿಗೆ ಹೊಸ ಮದುವೆ, ಇನ್ನೊಬ್ಬನಿಗೆ ನೆವ ಹುಡುಕುವುದೇ ಕಸುಬು. ಎಲ್ಲರ ಮಾತಿಗೂ ಓಗೊಟ್ಟು ಅವರವರ ಕನಿಷ್ಠ ಏರಿಸಿದ್ದಳು. ಕೇಳಲು ಬಾರದವರು ಒಬ್ಬರೇ. ಸಾಕಿದ ಹುಡುಗಿಯ ಮುಂದೆ ಹೋಗಿ ಕೈಕಟ್ಟಿ ನಿಂತರೆ ಅವಳಿಗೆ ಮುಜುಗರವಾದೀತು ಎಂದು ದೊಡ್ಡಪ್ಪ ಆ ಕಡೆ ತಲೆಹಾಕಲಿಲ್ಲ. ಅವರು ನಮ್ಮವರೇ ತಾನೇ, ಆಮೇಲೆ ನೋಡಿದರಾಯಿತು ಎಂದುಕೊಂಡಳು. ಆ ಆಮೇಲೆ ಬರಲೇ ಇಲ್ಲ, ಅವರ ಕನಿಷ್ಠ ಸೊನ್ನೆಯಲ್ಲೇ ಉಳಿಯಿತು.

ಅದೂ ಸಾಲದು ಎಂಬಂತೆ, ಹಿರಿಯರೆಂಬ ಗೌರವಕ್ಕೆ ಅವರ ಹೆಸರನ್ನೇ ಎಲ್ಲರಿಗಿಂತ ಮೇಲೆ ಬರೆದಿದ್ದಳು. ಪ್ರೋಗ್ರಾಂ ಮೇಲಿನಿಂದ ಶುರುಮಾಡುತ್ತದೆ, ಒಬ್ಬೊಬ್ಬರಿಗೂ ಕನಿಷ್ಠವನ್ನೇ ಮೊದಲು ಕೊಟ್ಟು ನೋಡುತ್ತದೆ, ನಿಯಮ ಮುರಿಯದಿದ್ದರೆ ಅಷ್ಟಕ್ಕೇ ಬಿಟ್ಟು ಮುಂದೆ ಹೋಗುತ್ತದೆ. ಉಳಿದ ಸಂಜೆಗಳೆಲ್ಲ ಕೊನೆಯಲ್ಲಿದ್ದವರ ಪಾಲಾಗಿದ್ದವು. ಅವಳು ತೋರಿಸಿದ ಗೌರವವೇ ದೊಡ್ಡಪ್ಪನನ್ನು ಬೀದಿಯಲ್ಲಿ ಕೂರಿಸಿತ್ತು.

ಸೊನ್ನೆ ಅಳಿಸಿ ಐದು ಎಂದು ಬರೆದಳು. ಕಣ್ಣುಮಿಟುಕಿಸುವಷ್ಟರಲ್ಲಿ ಉಳಿದ ದಿನಗಳಿಗೆ ಹೊಸ ಪಾಳಿ ಬಂತು, ಯಾರ ಬೇಡಿಕೆಯೂ ಮುರಿಯದೆ. ಸಾಧ್ಯವಿಲ್ಲ ಎಂದು ಆ ಯಂತ್ರ ಹೇಳಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಇಷ್ಟು ಸುಲಭದ ಕೆಲಸವನ್ನು ತಾನು ಮಾಡಲಿಲ್ಲವೆಂಬ ನಾಚಿಕೆಗೆ ಅವಳ ಕಿವಿ ಬಿಸಿಯಾಯಿತು.

ಮರುದಿನ ಸಂಜೆ ಡಬ್ಬಿಯಲ್ಲಿ ಸೂಪು ಹಾಕಿಸಿಕೊಂಡು ಬಾಬ್ ಜೆಬ್ಲಿಯ ನಿಲ್ದಾಣಕ್ಕೆ ಹೋದಳು. ಬೀದಿ ಬಿಕೋ ಎನ್ನುತ್ತಿತ್ತು. ದೊಡ್ಡಪ್ಪ ಖಾಲಿ ಬಸ್ಸಿನಲ್ಲಿ, ಸ್ಟೀರಿಂಗಿನ ಮುಂದೆ ಕರವಸ್ತ್ರ ಹಾಸಿ ಖರ್ಜೂರ ಜೋಡಿಸಿಕೊಂಡಿದ್ದರು.

"ಅರೆ, ಇಂಜಿನಿಯರಮ್ಮ! ಬಾ ಬಾ. ಟಿಕೆಟ್ ತಗೊಂಡಿದ್ದೀಯಾ?"

ಅವಳು ನಗಲಿಲ್ಲ. "ದೊಡ್ಡಪ್ಪ, ನಾಳೆಯಿಂದ ನಿಮ್ಮ ಪಾಳಿ ಬದಲಾಯ್ಸಿದ್ದೀನಿ. ಐದು ಸಂಜೆ ಮನೇಲಿರ್ಬಹುದು."

"ಬೇಡಪ್ಪಾ ಬೇಡ! ನನ್ನ ಮಾನ ಕಳೀಬೇಡ." ದೊಡ್ಡಪ್ಪ ಸೂಪಿನ ಡಬ್ಬಿ ಬಿಚ್ಚುತ್ತಾ ನಕ್ಕರು. "ಪಾಳಿ ಬಂದ ದಿನ ಡಿಪೋದಲ್ಲಿ ನೀನು ನನಗೇ ಅನುಕೂಲ ಮಾಡ್ಕೊಡ್ತೀಯ ಅಂತಿದ್ದೋರೆಲ್ಲ ಬಾಯಿ ಮುಚ್ಕೊಂಡ್ರು, ಗೊತ್ತಾ? ಸ್ವಂತ ದೊಡ್ಡಪ್ಪನಿಗೆ ಒಂದು ಸಂಜೆನೂ ಇಟ್ಟಿಲ್ಲ, ಇಂಥ ನ್ಯಾಯ ನೋಡಿದ್ದೀರೇನ್ರೋ ಅಂದೆ. ದಿನಾ ಇಲ್ಲಿ ಕೂತಾಗ ಅದೇ ನೆನಪಾಗತ್ತೆ. ಹೊಟ್ಟೆ ಅರ್ಧ ಅದಕ್ಕೇ ತುಂಬತ್ತೆ ಕಣೇ."

ಹಾಗೇ ಇರಲಿ ಎಂದು ಸುಮ್ಮನಾಗಬಹುದಿತ್ತು. ಆದರೆ ಇಲ್ಲದ ಒಳ್ಳೆಯತನಕ್ಕೆ ಹೊಗಳಿಸಿಕೊಳ್ಳುತ್ತಾ ಕೂರುವುದು ಅವಳಿಂದಾಗಲಿಲ್ಲ.

"ಅದು ನ್ಯಾಯ ಅಲ್ಲ ದೊಡ್ಡಪ್ಪ. ಕೇಳಿದವರದ್ದೆಲ್ಲ ಬರೆದೆ. ನೀವು ಕೇಳಲಿಲ್ಲ. ನಿಮ್ಮದು ಮರೆತುಹೋಯ್ತು."

ತೋಪು ಹಾರಿತು. ದೊಡ್ಡಪ್ಪ ಖರ್ಜೂರ ಎತ್ತಲಿಲ್ಲ.

"ಅಂದ್ರೆ, ಯೋಚ್ನೆ ಮಾಡಿ ಹಾಕಿದ್ದಲ್ವಾ?"

"ಅಲ್ಲ."

"ಓ."

ಅಷ್ಟೇ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅವರು ಸೂಪು ಪೂರ್ತಿ ಕುಡಿದು, ಮುಚ್ಚಳ ಬಿಗಿಮಾಡಿ ಡಬ್ಬಿಯನ್ನು ಅವಳ ಕೈಗಿಟ್ಟರು. "ನೇಜಿಯಾ ಇವತ್ತು ನಿಂಬೆ ಜಾಸ್ತಿ ಹಿಂಡಿದ್ದಾಳೆ" ಎಂದು ಇಂಜಿನ್ ಚಾಲೂ ಮಾಡಿದರು.

ಓಲ್ಫಾ ಹಿಂದಿನ ಸೀಟಿನಲ್ಲಿ ಕೂತಳು. ಮುಂದಿನ ಸ್ಟಾಪಿನಲ್ಲಿ ಲಮ್ಜೆದ್ ಎಂಬ ಚಾಲಕ ಹತ್ತಿದ. ಮನೆಯಲ್ಲಿ ಉಪವಾಸ ಬಿಟ್ಟು, ಬಾಯಿ ಒರೆಸಿಕೊಳ್ಳುತ್ತಾ ಡಿಪೋಗೆ ಹೊರಟವನು.

"ಏನ್ ಮೋಂಜಿಯಣ್ಣ, ಇವತ್ತೂ ಬಸ್ಸಲ್ಲೇ ಊಟಾನಾ? ನಿನ್ನ ಹುಡುಗಿಗೆ ಕರುಣೆನೇ ಇಲ್ವಲ್ಲ!"

ದೊಡ್ಡಪ್ಪ ಕನ್ನಡಿಯಲ್ಲಿ ಅವಳ ಕಡೆ ನೋಡಲಿಲ್ಲ. ಕಣ್ಣು ರಸ್ತೆಯ ಮೇಲೇ ಇತ್ತು.

"ನ್ಯಾಯ ಅಂದ್ರೆ ನ್ಯಾಯ ಕಣಪ್ಪಾ" ಎಂದರು. "ನಮ್ಮ ಹುಡುಗಿ ಯೋಚ್ನೆ ಮಾಡೇ ಹಾಕಿರೋದು."