ತೊಳೆದ ಮೊಟ್ಟೆ

ಆ ವರ್ಷ ಜೂನ್ ಮುಗಿಯುತ್ತ ಬಂದರೂ ನಮ್ಮ ಉತ್ತರದ ಹಿಮನಾಡಿನಲ್ಲಿ ನೆಲ ಕಾಣಲಿಲ್ಲ. ದಕ್ಷಿಣದಿಂದ ಬಂದ ಬಿಳಿ ಹೆಬ್ಬಾತುಗಳು ದೊಡ್ಡ ಸರೋವರದ ಸುತ್ತ ಹಿಮದ ಮೇಲೆ ಸುಮ್ಮನೆ ನಿಂತಿದ್ದವು. ಒಣ ನೆಲ ಸಿಗದೆ ಅವು ಗೂಡು ಮಾಡುವುದಿಲ್ಲ. ಹೊಟ್ಟೆಯಲ್ಲಿ ಬಲಿತ ಮೊಟ್ಟೆಯಾದರೋ ಕಾಯುವುದಿಲ್ಲ. ಕೆಲವು ಹಕ್ಕಿಗಳು ನಿಂತಲ್ಲೇ ಮೊಟ್ಟೆ ಬಿಟ್ಟು ನಡೆದುಬಿಟ್ಟವು. ಹಿಮದಡಿಯಲ್ಲಿ ಓಡಾಡುವ ಇಲಿಗಳೂ ಆ ವರ್ಷ ಇರಲಿಲ್ಲ. ಇಲಿ ಇಲ್ಲವೆಂದು ಬಿಳಿ ಗೂಬೆ ಬರಲಿಲ್ಲ. ಗೂಬೆ ಇಲ್ಲವೆಂದು ಹಸಿದ ನರಿಗಳಿಗೆ ಅಂಜಿಕೆ ಇರಲಿಲ್ಲ. ನನ್ನ ಎಪ್ಪತ್ತೊಂದು ವರ್ಷದಲ್ಲಿ ಇಂಥ ಬೇಸಿಗೆಯನ್ನು ಅದಕ್ಕೆ ಮೊದಲು ಒಂದೇ ಸಲ ನೋಡಿದ್ದೆ.

ಪಾದ್ರಿ ಇಲ್ಲದ ವಾರಗಳಲ್ಲಿ ನಮ್ಮ ಚರ್ಚಿನಲ್ಲಿ ಪ್ರಾರ್ಥನೆ ನಡೆಸುವವನು ನಾನು. ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಹೇಳಿದೆ:

"ನೆಲ ಕಾಣಿಸಿರೋದು ಸರೋವರದ ದಿಬ್ಬದ ಮೇಲೆ ಮಾತ್ರ, ಅಲ್ಲೂ ಇಪ್ಪತ್ತು ಗೂಡಿಲ್ಲ. ಈ ವರ್ಷ ಗೂಡಿನ ಮೊಟ್ಟೆ ಯಾರೂ ತರೋದು ಬೇಡ. ಹಿಮದ ಮೇಲೆ ಬಿದ್ದದ್ದು ಸಿಕ್ಕಿದ್ರೆ ತಿನ್ನಿ. ಅದನ್ನ ತಾಯೇ ಬಿಟ್ಟು ಹೋಗಿರುತ್ತೆ."

ನನ್ನ ಹೆಂಡತಿಯ ತಮ್ಮ ಕುಪಾಕ್ ಹಿಂದಿನ ಬೆಂಚಿನಿಂದ, "ಭಾವ, ನರಿಗೂ ಒಂದು ಮಾತು ಹೇಳಿಬಿಡಿ. ಅದು ಚರ್ಚಿಗೆ ಬರಲ್ಲ," ಎಂದ.

ಜನ ನಕ್ಕರು. ಆದರೆ ಯಾರೂ ಗೂಡಿನ ಕಡೆ ಹೋಗಲಿಲ್ಲ. ದೇವರ ಮನೆಯಲ್ಲಿ ಆಡಿದ ಮಾತಿಗೆ ನಮ್ಮ ಊರಿನಲ್ಲಿ ಇನ್ನೂ ಅಷ್ಟು ಬೆಲೆ ಇತ್ತು.

ನನ್ನ ಹೆಂಡತಿ ರೋಡಾ ಆಗ ಹಾಸಿಗೆ ಹಿಡಿದಿದ್ದಳು. ಹೊಟ್ಟೆಯ ಕಾಯಿಲೆ. ದಕ್ಷಿಣದ ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲವೆಂದ ಮೇಲೆ, ಸಾಯುವುದಾದರೆ ಮನೆಯಲ್ಲೇ ಸಾಯುತ್ತೇನೆಂದು ವಿಮಾನ ಹತ್ತಿ ಬಂದಿದ್ದಳು. ಹಿಮಸಾರಂಗದ ಮಾಂಸದ ತಿಳಿಸಾರೂ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳೇ ಕೇಳಿದಳು:

"ಮುದುಕಾ, ಒಂದು ಹೆಬ್ಬಾತಿನ ಮೊಟ್ಟೆ ಸಿಗುತ್ತಾ?"

"ಸಿಕ್ಕಿದ್ರೆ ಎಷ್ಟು ತಿಂತೀಯ?"

"ಒಂದು ಚಮಚ. ಉಳಿದದ್ದು ನಿನ್ನ ಹೊಟ್ಟೆಗೆ. ಹೇಗೂ ಅದಕ್ಕೆ ತಳ ಇಲ್ಲ." ಆಮೇಲೆ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಹೇಳಿದಳು, "ಹಿಮದ ಮೇಲಿಂದೇ ತಾ. ಚರ್ಚಿನಲ್ಲಿ ಹೇಳಿದವನು ನೀನೇ."

ಎರಡು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ ತಿನಿಸು ಅದೊಂದೇ. ಮಗಳು ಲಿಯಾಳನ್ನು ಅವಳ ಹತ್ತಿರ ಕೂರಿಸಿ ಹಿಮದ ಮೇಲೆ ಓಡಿಸುವ ನಾಲ್ಕು ಚಕ್ರದ ಮೋಟಾರು ಗಾಡಿ ಹತ್ತಿದೆ. ಗಾಡಿ ಹೂತುಕೊಳ್ಳುವ ಕಡೆ ಇಳಿದು ನಡೆದೆ. ಹಿಮದ ಮೇಲೆ ಮೂರು ಮೊಟ್ಟೆ ಸಿಕ್ಕಿದವು. ಎರಡನ್ನು ಕಡಲಹಕ್ಕಿಗಳು ಕುಕ್ಕಿ ಬರಿದುಮಾಡಿದ್ದವು. ಇನ್ನೊಂದು ಹೆಪ್ಪುಗಟ್ಟಿ ಉದ್ದಕ್ಕೆ ಸೀಳಿತ್ತು, ಮೂಸಿದರೆ ನಾತ. ಮಧ್ಯಾಹ್ನದವರೆಗೆ ಹುಡುಕಿದೆ. ದೇವರೇ, ಒಂದು ತೋರಿಸು ಎಂದು ಬೇಡಿಕೊಂಡೆ. ಕಣ್ಣೆತ್ತಿದಾಗ ಕಂಡದ್ದು ದಿಬ್ಬ.

ದಿಬ್ಬದ ಮೇಲಿನ ಹೆಣ್ಣು ಹಕ್ಕಿ ನಾನು ಕೈಗೆಟುಕುವಷ್ಟು ಹತ್ತಿರ ಬರುವವರೆಗೂ ಕದಲಲಿಲ್ಲ. ಆಮೇಲೆ ಕುತ್ತಿಗೆ ಚಾಚಿ ಓಡಿತು. ಗೂಡಿನಲ್ಲಿ ನಾಲ್ಕು ಮೊಟ್ಟೆ. ಒಂದನ್ನು ತೆಗೆದುಕೊಂಡೆ. ಅದು ಬೆಚ್ಚಗಿತ್ತು. ಹಕ್ಕಿಯ ಕಾಲಿನ ಕೆಸರು, ಎದೆಯ ತುಪ್ಪುಳು ಅಂಟಿಕೊಂಡಿತ್ತು. ಹಿಮ ಕರಗಿದ ನೀರಿನಲ್ಲಿ ಬೆಳ್ಳಗಾಗುವ ತನಕ ತೊಳೆದು, ಅಂಗಿಯೊಳಗೆ ಇಟ್ಟುಕೊಂಡು ತಿರುಗಿ ನೋಡದೆ ಬಂದೆ.

ರೋಡಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹಿಮದ ಮೇಲಿತ್ತಾ?"

"ಹೂಂ."

ಅವಳು ಹೆಬ್ಬೆರಳಿನಿಂದ ಚಿಪ್ಪನ್ನು ಸವರಿದಳು. ಮೊಟ್ಟೆ ಆಯುವುದರಲ್ಲಿ ಈ ಕರಾವಳಿಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

"ಹಿಮದ ಮೇಲೆ ಬಿದ್ದದ್ದು ಹಾಗೇ ಬೆಳ್ಳಗಿರುತ್ತೆ. ಇದು ಉಜ್ಜಿ ನುಣುಪಾಗಿದೆ. ಬೆಳ್ಳಗಿರೋದನ್ನ ಯಾರು ತೊಳೀತಾರೆ, ಮುದುಕಾ?"

ಐವತ್ತು ವರ್ಷದಲ್ಲಿ ಅವಳಿಗೆ ಹೇಳಿದ ಮೊದಲ ಸುಳ್ಳು ಅದೆಂದು ಹೇಳಲಾರೆ. ಸಿಕ್ಕಿಬಿದ್ದದ್ದು ಮಾತ್ರ ಅದೇ ಮೊದಲು.

"ಹೋಗಿ ಇಟ್ಟು ಬಾ," ಎಂದಳು. "ತಾಯಿ ಒಳಕ್ಕೆ ಉರುಳಿಸಿಕೊಳ್ಳುತ್ತೆ. ಉಳಿದವನ್ನ ಮುಚ್ಚಿ ಬಂದೆ ತಾನೆ?"

ಮುಚ್ಚಿರಲಿಲ್ಲ. ತಾನಾಗಿ ಏಳುವ ಹಕ್ಕಿ ಮೊಟ್ಟೆಗಳ ಮೇಲೆ ತುಪ್ಪುಳು ಎಳೆದು ಹೋಗುತ್ತದೆ. ಹೆದರಿ ಓಡಿದ ಹಕ್ಕಿಗೆ ಅಷ್ಟು ಸಮಯವಿರುವುದಿಲ್ಲ, ಎಬ್ಬಿಸಿದವನೇ ಮುಚ್ಚಬೇಕು. ನಾವು ನಡೆಯಲು ಕಲಿತಾಗಲೇ ಕಲಿತ ವಿಷಯ. ಕದಿಯುವ ಅವಸರದಲ್ಲಿ ಅದನ್ನು ಮರೆತಿದ್ದೆ.

ಮತ್ತೆ ಹೋದೆ. ದಿಬ್ಬದವರೆಗೂ ನನ್ನ ಹೆಜ್ಜೆಯ ಮೇಲೇ ನರಿಯ ಹೆಜ್ಜೆ ಇತ್ತು. ಗೂಡಿನಲ್ಲಿ ಒಂದು ಚೂರು ಚಿಪ್ಪೂ ಉಳಿದಿರಲಿಲ್ಲ. ಗಂಡು ಹೆಣ್ಣು ಎರಡೂ ಸ್ವಲ್ಪ ದೂರದಲ್ಲಿ ಗಾಳಿಗೆ ಮುಖಮಾಡಿ ನಿಂತಿದ್ದವು. ನಾನು ಮೊಟ್ಟೆಯನ್ನು ಗೂಡಿನಲ್ಲಿಟ್ಟು ದೂರ ಸರಿದು ಕೂತೆ. ಬಹಳ ಹೊತ್ತು ಕಾದೆ. ಅವು ಬರಲಿಲ್ಲ. ಮೊಟ್ಟೆ ಕಲ್ಲಿನಂತೆ ತಣ್ಣಗಾದ ಮೇಲೆ ಎತ್ತಿಕೊಂಡು ಮನೆಗೆ ಬಂದೆ.

"ಒಳಗೆ ತಗೊಂಡಿತಾ?" ಎಂದು ರೋಡಾ ಕೇಳಿದಳು.

ಹೌದು ಎಂದಿದ್ದರೆ ಅವಳು ನಂಬುತ್ತಿದ್ದಳೇನೋ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಲಿಯಾ ಮೂರು ಸಲ ಚಹಾ ಬಿಸಿ ಮಾಡಿದಳು, ಯಾರೂ ಕುಡಿಯಲಿಲ್ಲ. ಕೊನೆಗೆ ರೋಡಾಳೇ ಅತ್ತ ತಿರುಗಿಕೊಂಡೇ ಹೇಳಿದಳು:

"ಬೇಯಿಸು. ಇನ್ನೇನು ಮಾಡೋದು ಅದನ್ನ? ಭಾನುವಾರ ಎಲ್ಲರ ಮುಂದೆ ಹೇಳು."

"ಹೇಳಿದ್ರೆ ಅವರೂ ಹೋಗ್ತಾರೆ, ಮುದುಕಿ."

"ಹೇಳದೆ ಅವರ ಮುಂದೆ ಹೇಗೆ ಪ್ರಾರ್ಥನೆ ಮಾಡ್ತೀಯ?"

ಊಟದ ಪ್ರಾರ್ಥನೆಯನ್ನು ಅವಳೇ ಹೇಳಿದಳು. ಒಂದು ಚಮಚ ತಿಂದಳು. ಅದು ಅವಳ ಹೊಟ್ಟೆಯಲ್ಲಿ ನಿಂತಿತು. ಉಳಿದದ್ದನ್ನು ನಾನು ತಿಂದೆ.

ಭಾನುವಾರ ಹೇಳಿದೆ. ಯಾರೂ ಬೈಯಲಿಲ್ಲ. ಮುದುಕಿಯರು ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ಕುಪಾಕ್ ನನ್ನ ಕೈ ಹಿಡಿದುಕೊಂಡ.

"ಅಕ್ಕನಿಗೋಸ್ಕರ ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ, ಭಾವ," ಎಂದ. ಆಮೇಲೆ ನೆಲ ನೋಡುತ್ತ, "ಮನೇಲಿ ಮಕ್ಕಳೂ ಮೊಟ್ಟೆ ಮೊಟ್ಟೆ ಅಂತಿದಾರೆ. ನೀವು ಹೇಳಿದ್ರಿ ಅಂತ ಸುಮ್ಮನಿದ್ದೆ," ಎಂದ.

ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಸರೋವರದ ದಾರಿಯಲ್ಲಿ ಗಾಡಿಗಳ ಸದ್ದು ಕೇಳಿತು. ರೋಡಾ ಕಣ್ಣು ತೆರೆದಳು.

"ಎಷ್ಟು?"

"ಮೂರು," ಎಂದೆ. ನಿಜವಾಗಿ ಐದು ಇದ್ದವು.

ಅವಳು ಆ ವಾರ ದಾಟಲಿಲ್ಲ. ಪ್ರತಿ ಆಗಸ್ಟಿನಲ್ಲಿ ಹೆಬ್ಬಾತುಗಳು ಮರಿಗಳನ್ನು ನಡೆಸಿಕೊಂಡು ಸ್ಮಶಾನದ ಪಕ್ಕದಿಂದಲೇ ಕಡಲಿಗೆ ಇಳಿಯುತ್ತವೆ. ಆ ವರ್ಷ ನಾನು ದಿನಾ ಹೋಗಿ ಅವಳ ಶಿಲುಬೆಯ ಬಳಿ ಕೂತು ನೋಡಿದೆ. ದೊಡ್ಡ ಹಕ್ಕಿಗಳಷ್ಟೇ ಬಂದವು.