ಮೂರೇ ಕೊಂಬೆಯ ಮರ

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅವತ್ತು ಬಂದದ್ದಕ್ಕೆ ಕಾರಣವಿತ್ತು. ಗಜೇಂದ್ರಗಡದ ನಮ್ಮ ನೇಕಾರರ ಸಂಘಕ್ಕೆಂದು ನಾಲ್ಕು ತಿಂಗಳು ಕೂತು ವೆಬ್‌ಸೈಟ್ ಮಾಡಿದ್ದೆ. ಅದರಲ್ಲೊಂದು ಮರ. ಸೀರೆಯ ನಂಬರಿನ ಪಕ್ಕದ ಪ್ಲಸ್ ಗುರುತು ಒತ್ತಿದರೆ ಕೆಳಗೆ ಮಗ್ಗ ಬಿಚ್ಚಿಕೊಳ್ಳಬೇಕು, ಮಗ್ಗ ಒತ್ತಿದರೆ ಮನೆ, ಮನೆ ಒತ್ತಿದರೆ ಊರು. ಮೂರೇ ಕೊಂಬೆ. ಅಧ್ಯಕ್ಷ ಪ್ರಭುಲಿಂಗಪ್ಪನವರು ನೋಡಿ ಹೂಂ ಅಂದರೆ ಉಳಿಯಿತು. ಉಹೂಂ ಅಂದರೆ ನಾಲ್ಕು ತಿಂಗಳು ನೀರಲ್ಲಿ ಹೋಮ.

ಮರಕ್ಕೆ ಮಾಹಿತಿ ತುಂಬಿದ್ದು ಶಂಕ್ರವ್ವ. ಆಕೆ ಮನೆಮನೆಗೆ ಹೋಗಿ ಹಾಸು ಕೆಚ್ಚುವವಳು. ಅಂದರೆ, ಮಗ್ಗದಲ್ಲಿ ಮುಗಿಯುತ್ತ ಬಂದ ಹಳೆ ಹಾಸಿನ ಒಂದೊಂದು ಉದ್ದೆಳೆಗೂ ಹೊಸ ಎಳೆಯನ್ನು ಬೆರಳಲ್ಲೇ ಹೊಸೆದು ಕೂಡಿಸುವವಳು. “ಒಂದೊಂದರ ಮುಂದ ಅದು ಎಲ್ಲಿಂದ ಬಂತಂತ ಬರೀರಿ ಅಕ್ಕಾ, ಅಷ್ಟ ಸಾಕು” ಎಂದಿದ್ದೆ. ಎರಡು ತಿಂಗಳು ಬರೆದಳು. ನಾನು, ದಡ್ಡಿ, ತೆರೆದೂ ನೋಡಲಿಲ್ಲ.

ಅವತ್ತು ಪ್ರಭುಲಿಂಗಪ್ಪನವರು ಬಂದವರೇ ತಮ್ಮ ಮನೆಯ ಮಗ್ಗದ ಸೀರೆಯನ್ನೇ ಹುಡುಕಿ ಒತ್ತಿದರು. ಕೆಳಗೆ ‘ಹಾಸು ೪೦’ ಎಂದು ಬಂತು, ಮಗ್ಗುಲಲ್ಲಿ ಸಣ್ಣಕ್ಷರದಲ್ಲಿ ಯಾರದೋ ಹೆಸರು. ಅದನ್ನು ಒತ್ತಿದರೆ ‘ಹಾಸು ೩೯’. ಮತ್ತೆ ಒತ್ತಿದರೆ ೩೮.

“ಅಕ್ಕಾ, ಮನಿ ಎಲ್ಲಿ? ಊರ ಎಲ್ಲಿ?” ಎಂದು ಪಕ್ಕದಲ್ಲೇ ನಿಂತಿದ್ದ ಶಂಕ್ರವ್ವನ ಮೇಲೆ ಹರಿಹಾಯ್ದೆ.

“ಸೀರಿ ಮನಿಯಿಂದ ಬರತೈತೇನ ತಂಗಿ? ಹಾಸಿನಿಂದ ಬರತೈತಿ. ಹೊಸಾ ಹಾಸು ಹಳೇ ಹಾಸಿನಿಂದ. ನೀ ಕೇಳಿದಿ, ನಾ ಬರದೆ.”

“ಎಂಥಾ ಗಿಡಾನ ಇದು?” ಪ್ರಭುಲಿಂಗಪ್ಪನವರೂ ಹಟಕ್ಕೆ ಬಿದ್ದರು. “ಇದರ ಬುಡ ಎಲ್ಲೈತಿ, ನೋಡೇ ಬಿಡತೀನಿ!” ಕನ್ನಡಕವನ್ನೂ ಹಾಕಿಕೊಳ್ಳದೆ ಒತ್ತಿದರು, ಒತ್ತಿದರು. ನನ್ನ ಕೆಲಸ ಹಳ್ಳ ಹಿಡಿಯುವುದನ್ನು ನಾನು ಹಲ್ಲು ಕಚ್ಚಿಕೊಂಡು ನೋಡುತ್ತ ನಿಂತೆ. ಕೊನೆಗೆ ಪ್ಲಸ್ ಗುರುತೇ ಇಲ್ಲದ ಸಾಲು ಬಂತು.

“ಏನ ಬರದೈತಿ ಓದವಾ.”

“ಹಾಸು ಒಂದು. ಕೆಚ್ಚಿದವರು, ಸಿದ್ದವ್ವ.”

ಸಿದ್ದವ್ವ ಎಂದರೆ ಪ್ರಭುಲಿಂಗಪ್ಪನವರ ತಾಯಿ, ಮೂರು ವರ್ಷದ ಹಿಂದೆ ತೀರಿಕೊಂಡವರು. ಸಂಘದ ಬೋರ್ಡಿನ ಮೇಲೆ ಅವರ ತಂದೆಯ ಹೆಸರಿದೆ. ತಾಯಿಯದು ಎಲ್ಲಿಯೂ ಇರಲಿಲ್ಲ.

“ಅದು ಅವ್ವನ ಕಡೀ ಹಾಸ್ರಿ” ಎಂದಳು ಶಂಕ್ರವ್ವ. “ಕೆಚ್ಚೋದು ನನಗ ಕಲಿಸಿದಾಕಿನೂ ಆಕಿನ. ಅವತ್ತಿಂದ ನಿಮ್ಮ ಮಗ್ಗ ಒಂದಿನಾನೂ ಖಾಲಿ ಬಿಟ್ಟಿಲ್ರಿ.”

ಪ್ರಭುಲಿಂಗಪ್ಪನವರ ಕಣ್ಣು ತುಂಬಿದವು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

“ಹಿಂಗ ಇರಲಿ ಇದು” ಎಂದರು. “ಒಂದೂ ತಗೀಬ್ಯಾಡ.” ಪರದೆಯತ್ತ ಬೆರಳು ತೋರಿಸಿ ಕೇಳಿದರು, “ಅಲ್ಲಾ, ನಡುವ ಇಷ್ಟೆಲ್ಲಾ ಯಾರು ಕೆಚ್ಚ್ಯಾರ?”

ಶಂಕ್ರವ್ವ ನಕ್ಕಳು. “ಮೂವತ್ತೊಂಬತ್ತ ಸಲ ನನ್ನ ಹೆಸರಿನ ಮಗ್ಗಲದಾಗ ಒತ್ತೀರಿ. ಒಮ್ಮ್ಯಾರ ಓದಬಾರದೇನ್ರಿ, ಅಣ್ಣಾರ?”

ಅವರು ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡರು. ಮರದ ಮೇಲ್ತುದಿಗೆ ಹೋಗಿ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದತೊಡಗಿದರು. ಶಂಕ್ರವ್ವ. ಶಂಕ್ರವ್ವ. ಶಂಕ್ರವ್ವ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಅವರ ದನಿ ಸಣ್ಣದಾಗಿತ್ತು. ಆದರೂ ಒಂದನ್ನೂ ಬಿಡಲಿಲ್ಲ.